ಪಾವಟಿಗೆ ಲೈಟು, ಎರಡು ಬಟನ್ನು ಮತ್ತು ಒಂದು ಹಳೇ ತಪ್ಪು

ಬಹಳ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಕೆಲಸ, ಓಡಾಟ, ಅದಕ್ಕಿಂತ ಹೆಚ್ಚಾಗಿ ಸೋಮಾರಿತನ. ಈ ಸಲ ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣ ನಮ್ಮೂರ ಮನೆಯ ಒಂದು ಬಲ್ಬು. ಬಲ್ಬಿನ ಬಗ್ಗೆ ಬರೆಯೋಕೆ ಏನಿದೆ ಅಂತ ನಗಬೇಡಿ. ಆ ಬಲ್ಬಿನಿಂದ ನಮ್ಮಣ್ಣನ ಕೈ ಮುರಿಯಿತು, ಒಂಬತ್ತು ವರ್ಷದ ಹುಡುಗಿಯೊಬ್ಬಳು ಮಾಡದ ತಪ್ಪಿಗೆ ಬೈಸಿಕೊಂಡಳು. ಯಾಕೆ ಹೀಗಾಯಿತು ಅಂತ ಹುಡುಕುತ್ತಾ ಹೋದ ನಾನು ನೂರು ವರ್ಷ ಹಿಂದಕ್ಕೆ, ಅಮೆರಿಕದವರೆಗೆ ಹೋಗಿ ಬಂದೆ.

ನಮ್ಮೂರು ಹಿರೋಳ್ಳಿ. ಆಳಂದ ತಾಲೂಕು, ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡ ಊರು. ಆಚೆ ಅಕ್ಕಲಕೋಟ, ಸೊಲ್ಲಾಪುರ. ಈಚೆ ಆಳಂದ, ಕಲಬುರಗಿ. ನಮ್ಮ ಕಡೆಯ ಬೇಸಿಗೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ರಾತ್ರಿ ಹತ್ತಾದರೂ ಗೋಡೆ ಬಿಸಿ ಬಿಡುತ್ತಿರುತ್ತದೆ. ಹಾಗಾಗಿ ಉಂಡವರೆಲ್ಲಾ ಹಾಸಿಗೆ ಸುತ್ತಿಕೊಂಡು, ನೀರಿನ ಚರಿಗೆ ಹಿಡಕೊಂಡು ಮಾಳಿಗೆ ಹತ್ತುವುದು ರೂಢಿ. ಹತ್ತೋದಕ್ಕೆ ಇರೋದು ಗೋಡೆಗೆ ಅಂಟಿದ ಕಡಿದಾದ ಕಲ್ಲಿನ ಪಾವಟಿಗೆ. ಮಾಳಿಗೆ ಮೇಲೆ ಒಂದು ಖೋಲಿ ಕಟ್ಟಿಸಿದಾಗ ಅಣ್ಣ ಪಾವಟಿಗೆಗೂ ಒಂದು ಲೈಟು ಹಾಕಿಸಿದ. ಕೆಳಗೆ ಒಂದು ಬಟನ್, ಮೇಲೆ ಒಂದು ಬಟನ್. (ನಮ್ಮ ಕಡೆ ಸ್ವಿಚ್ಚಿಗೆ ಬಟನ್ ಅಂತಲೇ ಅನ್ನೋದು.) ಕೆಳಗೆ ಹಚ್ಚಿ ಹತ್ತಬೇಕು, ಮೇಲೆ ಹೋಗಿ ಆರಿಸಬೇಕು. ಅವ್ವನಿಗೆ ಇದು ದೊಡ್ಡ ಆಶ್ಚರ್ಯ. "ಕೆಳಗ ಹಚ್ಚಿದ್ದು ಮ್ಯಾಲ ಹ್ಯಾಂಗ ಆರ್ತದೋ ತಮ್ಮಾ?" ಅಂತ ನನ್ನನ್ನು ಎಷ್ಟೋ ಸಲ ಕೇಳಿದ್ದಾಳೆ. ನಾನು "ಟೂ ವೇ ಸ್ವಿಚ್ ಅವ್ವ" ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅಣ್ಣ ಆ ಬಲ್ಬು ತೆಗೆದು ಬೇರೆ ಎಲ್‌ಇಡಿ ಬಲ್ಬು ಹಾಕೋಕೆ ಹೋದ. ಮೇಲಿನ ಬಟನ್ ಒತ್ತಿದ, ಲೈಟು ಆರಿತು. ಅರ್ಧ ಪಾವಟಿಗೆಯಲ್ಲಿ ನಿಂತು ಬಲ್ಬು ತೆಗೆದ. ಹೋಲ್ಡರಿನ ಪಿನ್ನಿನ ಮೇಲೆ ಧೂಳು ಕಂಡಿತೆಂದು ಬೆರಳಿಂದ ಒರೆಸಿದ. ಅಷ್ಟೇ. ಕರೆಂಟ್ ಹೊಡೆದು ಐದಾರು ಮೆಟ್ಟಿಲು ಉರುಳಿ ಕೆಳಗೆ ಬಿದ್ದ. ಬಲಗೈ ಮಣಿಕಟ್ಟು ಮುರಿಯಿತು. ಜೀವ ಉಳಿದದ್ದು ಪುಣ್ಯ.

ಆ ಹೊತ್ತಿಗೆ ಕೆಳಗಿನ ಬಟನ್ ಹತ್ತಿರ ಆಡುತ್ತಿದ್ದವಳು ಅವನ ಮಗಳು. ಎಲ್ಲರೂ ಅವಳ ಮೇಲೆ ಮುಗಿಬಿದ್ದರು. "ಹುಡುಗಿಗಿ ಬಟನ್ ಕೂಡ ಆಟ ಆಡೋ ಚಟ ಅದ, ಅದಕ್ಕೇ ಹಿಂಗಾಯ್ತು" ಅಂದಳು ಅವ್ವ. ವೈನಿ ಒಂದು ಏಟೂ ಕೊಟ್ಟಳಂತೆ. ಎರಡು ದಿನ ಬಿಟ್ಟು ನಾನು ಪುಣೆಯಿಂದ ಊರಿಗೆ ಹೋದಾಗ ಹುಡುಗಿ ಮೂಲೆಯಲ್ಲಿ ಕೂತಿದ್ದಳು. "ಕಾಕಾ, ನಾ ಮುಟ್ಟೇ ಇಲ್ಲ, ಖರೇನೂ ಮುಟ್ಟಿಲ್ಲ" ಅಂದಳು. ಅಷ್ಟು ಹೇಳುವಾಗ ಅವಳ ಗಲ್ಲ ನಡುಗುತ್ತಿತ್ತು.

ನನಗೆ ಅವಳ ಮಾತು ನಂಬಬೇಕು ಅನ್ನಿಸಿತು. ಪುಣ್ಯಕ್ಕೆ, ಬಿದ್ದ ದಿನವೇ ವೈನಿ ಸಿಟ್ಟಿನಲ್ಲಿ ಎರಡೂ ಬಟನ್ನಿನ ಮೇಲೆ ಟೇಪು ಅಂಟಿಸಿಬಿಟ್ಟಿದ್ದಳು. ಯಾರೂ ಮುಟ್ಟಿರಲಿಲ್ಲ. ಟೆಸ್ಟರ್ ಹಿಡಿದು ಹೋಗಿ ಖಾಲಿ ಹೋಲ್ಡರಿನ ಒಂದು ಪಿನ್ನಿಗೆ ಹಚ್ಚಿದೆ. ಟೆಸ್ಟರಿನ ದೀಪ ಹತ್ತಿತು. ಇನ್ನೊಂದು ಪಿನ್ನಿಗೆ ಹಚ್ಚಿದೆ. ಅಲ್ಲೂ ಹತ್ತಿತು!

ಕರೆಂಟ್ ಕೆಲಸ ಸ್ವಲ್ಪ ಗೊತ್ತಿದ್ದವರಿಗೆ ಇಲ್ಲಿಯೇ ಅನುಮಾನ ಬರುತ್ತದೆ. ಬಲ್ಬಿಗೆ ಎರಡು ವೈರು. ಒಂದು ಫೇಸ್, ಒಂದು ನ್ಯೂಟ್ರಲ್. ಟೆಸ್ಟರ್ ಹತ್ತಬೇಕಾದದ್ದು ಫೇಸಿನ ಕಡೆ ಮಾತ್ರ. ಎರಡೂ ಕಡೆ ಫೇಸ್ ಇದ್ದರೆ ಬಲ್ಬು ಉರಿಯುವುದಿಲ್ಲ, ಯಾಕೆಂದರೆ ಎರಡರ ನಡುವೆ ವ್ಯತ್ಯಾಸವೇ ಇಲ್ಲ. ಅಂದರೆ ಬಲ್ಬು "ಆರಿದೆ", ಆದರೆ ಎರಡೂ ಪಿನ್ನಿನಲ್ಲಿ 230 ವೋಲ್ಟ್ ಕಾಯುತ್ತಾ ಕೂತಿದೆ. ಅಣ್ಣ ಯಾವ ಪಿನ್ ಮುಟ್ಟಿದ್ದರೂ ಅಷ್ಟೇ.

ಇದರಿಂದ ಇನ್ನೊಂದು ಮಾತೂ ಗೊತ್ತಾಯಿತು. ಹುಡುಗಿ ಕೆಳಗಿನ ಬಟನ್ ಒತ್ತಿದ್ದರೆ ಹೋಲ್ಡರ್ "ಹಚ್ಚಿದ" ಸ್ಥಿತಿಗೆ ಬರಬೇಕಿತ್ತು, ಆಗ ಒಂದೇ ಪಿನ್ನಿನಲ್ಲಿ ಕರೆಂಟ್ ಇರಬೇಕಿತ್ತು. ಎರಡರಲ್ಲೂ ಇದೆ ಅಂದರೆ ಅದು "ಆರಿದ" ಸ್ಥಿತಿಯಲ್ಲೇ ಇತ್ತು, ಅವಳು ಒತ್ತಿಲ್ಲ. (ಎರಡು ಸಲ ಒತ್ತಿರಬಹುದಲ್ಲ ಅಂತ ಕೇಳಬೇಡಿ, ಅಷ್ಟು ಲೆಕ್ಕ ಇಟ್ಟು ಆಡುವ ಹುಡುಗಿ ಅಲ್ಲ ಅವಳು.) ಎಲ್ಲರನ್ನೂ ಕರೆದು ತೋರಿಸಿದೆ. ಅಣ್ಣ ಪ್ಲಾಸ್ಟರ್ ಕೈ ಹಿಡಿದುಕೊಂಡು ನೋಡಿದ. ಏನೂ ಮಾತಾಡದೆ ಎಡಗೈಯಿಂದ ಮಗಳನ್ನು ಹತ್ತಿರ ಎಳೆದುಕೊಂಡ.

ಹಾಗಾದರೆ ತಪ್ಪು ಯಾರದು? ಅದನ್ನು ಹೇಳಬೇಕಾದರೆ ಮೊದಲು ಸರಿಯಾದದ್ದು ಹೇಗಿರುತ್ತದೆ ಅಂತ ಹೇಳಬೇಕು.

ಟೂ ವೇ ಸ್ವಿಚ್ಚಿಗೆ ಎರಡಲ್ಲ, ಮೂರು ತಿರುಪು ಇರುತ್ತವೆ. ಒಂದು ಕಾಮನ್, ಉಳಿದ ಎರಡು ಅದರ ಎರಡು ದಾರಿ. ಬಟನ್ ಒತ್ತಿದಾಗ ಕಾಮನ್ ಒಂದು ದಾರಿ ಬಿಟ್ಟು ಇನ್ನೊಂದು ದಾರಿ ಹಿಡಿಯುತ್ತದೆ. ಅದಕ್ಕೆ "ಬಂದ್" ಅನ್ನೋದೇ ಗೊತ್ತಿಲ್ಲ, ದಾರಿ ಬದಲಿಸೋದು ಮಾತ್ರ ಗೊತ್ತು. ಹೊಲದ ಉದಾಹರಣೆ ತಗೊಳ್ಳಿ. ಬಾವಿಯಿಂದ ಕಬ್ಬಿನ ಪಡಕ್ಕೆ ಎರಡು ಕಾಲುವೆ ಇವೆ ಅಂತಿಟ್ಟುಕೊಳ್ಳಿ. ಬಾವಿಯ ಹತ್ತಿರ ಒಬ್ಬ ಆಳು ನೀರನ್ನು ಎಡಗಡೆ ಕಾಲುವೆಗೋ ಬಲಗಡೆ ಕಾಲುವೆಗೋ ತಿರುವುತ್ತಾನೆ. ಪಡದ ಹತ್ತಿರ ಇನ್ನೊಬ್ಬ ಎಡಗಡೆ ಬಾಯಿಯನ್ನೋ ಬಲಗಡೆ ಬಾಯಿಯನ್ನೋ ತೆರೆಯುತ್ತಾನೆ. ಇಬ್ಬರೂ ಒಂದೇ ಕಾಲುವೆ ಹಿಡಿದಿದ್ದರೆ ನೀರು ಬರುತ್ತದೆ. ಬೇರೆ ಬೇರೆ ಹಿಡಿದಿದ್ದರೆ ನಿಲ್ಲುತ್ತದೆ. ಇಬ್ಬರಲ್ಲಿ ಯಾರೊಬ್ಬ ಮನಸ್ಸು ಬದಲಿಸಿದರೂ ಬರುತ್ತಿದ್ದ ನೀರು ನಿಲ್ಲುತ್ತದೆ, ನಿಂತ ನೀರು ಬರುತ್ತದೆ. ಅವ್ವನ ಪ್ರಶ್ನೆಗೆ ಉತ್ತರ ಇಷ್ಟೇ.

ವೈರಿನಲ್ಲಿ ಹೇಳಬೇಕೆಂದರೆ, ಫೇಸ್ ಕೆಳಗಿನ ಸ್ವಿಚ್ಚಿನ ಕಾಮನ್ನಿಗೆ ಬರಬೇಕು. ಅಲ್ಲಿಂದ ಎರಡು ವೈರು ಮೇಲಿನ ಸ್ವಿಚ್ಚಿಗೆ ಹೋಗಬೇಕು. ಮೇಲಿನ ಸ್ವಿಚ್ಚಿನ ಕಾಮನ್‌ನಿಂದ ಒಂದು ವೈರು ಬಲ್ಬಿಗೆ. ಬಲ್ಬಿನ ಇನ್ನೊಂದು ಕಡೆ ನೇರವಾಗಿ ನ್ಯೂಟ್ರಲ್, ನಡುವೆ ಯಾವ ಸ್ವಿಚ್ಚೂ ಇಲ್ಲ. ಹೀಗಿದ್ದರೆ ಲೈಟು ಆರಿದಾಗ ಬಲ್ಬಿನ ತನಕ ಫೇಸ್ ಬರುವುದೇ ಇಲ್ಲ.

ನಮ್ಮ ಮನೆಯಲ್ಲಿ ಆಗಿದ್ದೇನು? ಕೆಳಗಿನ ಪಡಸಾಲೆಯ ಬೋರ್ಡಿನಲ್ಲಿ ಫೇಸೂ ಇತ್ತು, ನ್ಯೂಟ್ರಲ್ಲೂ ಇತ್ತು. ಮೇಲಿನ ಖೋಲಿಯ ಬೋರ್ಡಿನಲ್ಲೂ ಎರಡೂ ಇದ್ದವು. ವೈರಿಂಗ್ ಮಾಡಿದವನು ಕೆಳಗಿನ ಸ್ವಿಚ್ಚಿನ ಎರಡು ದಾರಿಗೆ ಒಂದಕ್ಕೆ ಫೇಸ್, ಒಂದಕ್ಕೆ ನ್ಯೂಟ್ರಲ್ ಕೊಟ್ಟ. ಮೇಲಿನದಕ್ಕೂ ಹಾಗೇ. ಎರಡೂ ಕಾಮನ್ನುಗಳನ್ನು ಬಲ್ಬಿನ ಎರಡು ಪಿನ್ನಿಗೆ ಕಟ್ಟಿದ. ಒಂದು ಕಡೆ ಫೇಸ್, ಇನ್ನೊಂದು ಕಡೆ ನ್ಯೂಟ್ರಲ್ ಬಂದರೆ ಲೈಟು ಹತ್ತುತ್ತದೆ. ಎರಡೂ ಕಡೆ ನ್ಯೂಟ್ರಲ್ ಬಂದರೆ ಆರುತ್ತದೆ. ಎರಡೂ ಕಡೆ ಫೇಸ್ ಬಂದರೂ ಆರುತ್ತದೆ! ಆರಿದ ಎರಡು ಸ್ಥಿತಿಗಳಲ್ಲಿ ಒಂದು ಕ್ಷೇಮ, ಇನ್ನೊಂದು ಮೃತ್ಯು. ಹೊರಗಿನಿಂದ ನೋಡಿದರೆ ಎರಡಕ್ಕೂ ಏನೂ ಫರಕು ಕಾಣುವುದಿಲ್ಲ.

ಆ ಹುಡುಗನನ್ನು ಕರೆಸಿದೆ. ಬೈಯಬೇಕು ಅಂತಲೇ ಕರೆಸಿದ್ದು. ಅವನು ಹೆದರಿಕೊಂಡೇ ಹೇಳಿದ: "ನಾ ಕಲ್ತದ್ದೇ ಹಿಂಗ್ರಿ ಸರ್. ನಮ್ಮ ಉಸ್ತಾದ್ರು ಹಿಂಗೇ ಮಾಡ್ತಿದ್ರು. ವಾಯರ್ ಉಳೀತದ, ಮಾಲಕರಿಗಿ ಖರ್ಚ್ ಕಮ್ಮಿ ಆಗ್ತದ."

ಅವನ ಲೆಕ್ಕ ಸುಳ್ಳಲ್ಲ. ಬಲ್ಬು ಪಾವಟಿಗೆಯ ನಡುವೆ ಇದೆ. ಸರಿಯಾದ ರೀತಿಯಲ್ಲಿ ಮಾಡಿದರೆ ಕೆಳಗಿನಿಂದ ಮೇಲಕ್ಕೆ ಎರಡು ಪೂರಾ ವೈರು, ಮೇಲಿನಿಂದ ಬಲ್ಬಿಗೆ ಅರ್ಧ, ನ್ಯೂಟ್ರಲ್‌ಗೆ ಇನ್ನರ್ಧ, ಒಟ್ಟು ಮೂರು ಉದ್ದದ ವೈರು ಬೇಕು. ಅವನ ರೀತಿಯಲ್ಲಿ ಕೆಳಗಿನಿಂದ ಅರ್ಧ, ಮೇಲಿನಿಂದ ಅರ್ಧ, ಒಟ್ಟು ಒಂದೇ ಉದ್ದ. ಮೂರರಲ್ಲಿ ಎರಡು ಪಾಲು ಉಳಿತಾಯ. ಮೋಸ ಮಾಡಬೇಕು ಅಂತ ಮಾಡಿದ್ದಲ್ಲ, ನಮ್ಮ ದುಡ್ಡು ಉಳಿಸೋಕೆ ಮಾಡಿದ್ದು. ಬೈಯುವ ಸಿಟ್ಟೆಲ್ಲ ಇಳಿದುಹೋಯಿತು.

ಪುಣೆಗೆ ವಾಪಸ್ ಬಂದ ಮೇಲೂ ಇದು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಈ ಯುಕ್ತಿ ಯಾರ ತಲೆಗೆ ಮೊದಲು ಹೊಳೆದಿರಬೇಕು? ಓದುತ್ತಾ ಕೂತಾಗ ಸ್ವಿಚ್ಚಿನ ಚರಿತ್ರೆಯೇ ಬಿಚ್ಚಿಕೊಂಡಿತು.

ಒಂದು ವಿಚಾರ ನೋಡಿ. ಕಂದೀಲು ಇದ್ದ ಕಾಲದಲ್ಲಿ ಎರಡು ಬಟನ್ನಿನ ಸಮಸ್ಯೆಯೇ ಇರಲಿಲ್ಲ. ಕಂದೀಲು ಕೈಯಲ್ಲೇ ಇರುತ್ತಿತ್ತು. ಪಾವಟಿಗೆ ಹತ್ತಿದರೆ ಅದೂ ಹತ್ತುತ್ತಿತ್ತು. ಚಿಮಣಿ ಇರಲಿ, ಕಂದೀಲು ಇರಲಿ, ಬೆಳಕು ಮನುಷ್ಯನ ಹಿಂದೆ ಬರುತ್ತಿತ್ತು. ಬೆಳಕು ಗೋಡೆಗೆ ಅಂಟಿಕೊಂಡ ಮೇಲೆ ಮನುಷ್ಯ ಅದರ ಹಿಂದೆ ಹೋಗಬೇಕಾಯಿತು. ಹಚ್ಚೋಕೆ ಒಂದು ಕಡೆ ಹೋಗಬೇಕು, ಆರಿಸೋಕೆ ಮತ್ತೆ ಅಲ್ಲಿಗೇ ಬಂದು ಕತ್ತಲಲ್ಲಿ ತಡಕಾಡುತ್ತಾ ವಾಪಸ್ ಹೋಗಬೇಕು.

ಮೊದಮೊದಲು ಕರೆಂಟ್ ದೀಪಗಳಿಗೆ ಗೋಡೆಯ ಮೇಲೆ ಸ್ವಿಚ್ ಇರಲೇಬೇಕೆಂದೇನೂ ಇರಲಿಲ್ಲ. ಅದಕ್ಕಿಂತ ಹಿಂದೆ ಇದ್ದ ಗ್ಯಾಸ್ ದೀಪಗಳಿಗೆ ದೀಪದ ಹತ್ತಿರವೇ ಒಂದು ತಿರುಗಣೆ ಇರುತ್ತಿತ್ತು. ಅದೇ ಅಭ್ಯಾಸ ಬಲ್ಬಿಗೂ ಬಂತು, ಹೋಲ್ಡರಿನ ಮೇಲೆಯೇ ಒಂದು ಕೀಲಿ. ಬ್ರಿಟನ್ನಿನ ನ್ಯೂಕ್ಯಾಸಲ್‌ನಲ್ಲಿ ಜೋಸೆಫ್ ಸ್ವಾನ್ 1879ರಲ್ಲಿ ತನ್ನ ಬಲ್ಬು ತೋರಿಸಿದ. ಅದೇ ವರ್ಷ ಅಮೆರಿಕದಲ್ಲಿ ಎಡಿಸನ್ ತನ್ನದನ್ನು ಉರಿಸಿದ. 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಎಡಿಸನ್ನನ ವಿದ್ಯುತ್ ಕೇಂದ್ರ ಶುರುವಾಯಿತು. ಅದು ಡಿ.ಸಿ. ಕರೆಂಟ್. ಡಿ.ಸಿ.ಯ ತೊಂದರೆ ಏನೆಂದರೆ ಸ್ವಿಚ್ ನಿಧಾನವಾಗಿ ಬಿಡಿಸಿದರೆ ನಡುವೆ ಕಿಡಿ ಹತ್ತಿಕೊಂಡು ಉರಿಯುತ್ತಲೇ ಇರುತ್ತದೆ. ಸ್ವಿಚ್ ಸುಟ್ಟುಹೋಗುತ್ತದೆ, ಕೆಲವು ಸಲ ಮನೆಯೂ. 1884ರಲ್ಲಿ ನ್ಯೂಕ್ಯಾಸಲ್‌ನವನೇ ಆದ ಜಾನ್ ಹೆನ್ರಿ ಹೋಮ್ಸ್ ಇದಕ್ಕೊಂದು ಪರಿಹಾರ ಕಂಡುಹಿಡಿದ. ನೀವು ಎಷ್ಟೇ ನಿಧಾನವಾಗಿ ತಿರುಗಿಸಿದರೂ ಒಳಗಿನ ಭಾಗ ಫಟ್ ಅಂತ ಬಿಡಿಸಿಕೊಳ್ಳುವ ಸ್ವಿಚ್. ಇವತ್ತು ನಾವು ಬಟನ್ ಒತ್ತಿದಾಗ ಕೇಳುವ "ಟಕ್" ಸದ್ದಿನ ಹಿಂದೆ ಇದೇ ಯುಕ್ತಿ ಇದೆ.

ಸ್ವಿಚ್ ಸುರಕ್ಷಿತವಾದ ಮೇಲೆ ಅದು ದೀಪ ಬಿಟ್ಟು ಬಾಗಿಲ ಪಕ್ಕಕ್ಕೆ ಬಂತು. ಬಾಗಿಲ ಪಕ್ಕಕ್ಕೆ ಬಂದ ಮೇಲೆ ಎರಡು ಬಾಗಿಲಿನ ಕೋಣೆಗೆ, ಪಾವಟಿಗೆಗೆ, ಉದ್ದದ ಓಣಿಯಂಥ ನಡುಮನೆಗೆ ಎರಡು ಸ್ವಿಚ್ ಬೇಕು ಅನ್ನಿಸಿತು. ಇದನ್ನು ಅಮೆರಿಕದವರು "ತ್ರೀ ವೇ" ಅಂತಾರೆ, ಬ್ರಿಟಿಷರು ಮತ್ತು ನಾವು "ಟೂ ವೇ" ಅಂತೀವಿ. ಎರಡೂ ಒಂದೇ ಸಾಮಾನು. ಅವರು ತಿರುಪು ಎಣಿಸಿದರು, ನಾವು ದಾರಿ ಎಣಿಸಿದೆವು. ಅಮೆರಿಕದಲ್ಲಿರುವ ನಮ್ಮ ಕನ್ನಡದವರು ಊರಿನ ಅಂಗಡಿಯಲ್ಲಿ ತ್ರೀ ವೇ ಕೇಳಿ ಪೇಚಿಗೆ ಸಿಕ್ಕಿಕೊಳ್ಳುವುದು ಇದಕ್ಕೇ.

ಆ ಕಾಲದ ಅಮೆರಿಕದ ಮನೆಗಳಲ್ಲಿ ವೈರುಗಳನ್ನು ಪಿಂಗಾಣಿ ಗುಬ್ಬಿಗಳ ಮೇಲೆ ದೂರದೂರ ಎಳೆಯುತ್ತಿದ್ದರು. ಫೇಸ್ ಒಂದು ಸಾಲು, ನ್ಯೂಟ್ರಲ್ ಇನ್ನೊಂದು ಸಾಲು. ಎಲ್ಲೆಂದರಲ್ಲಿ ಎರಡೂ ಸಿಗುತ್ತಿದ್ದವು. ಹಾಗಾಗಿ ಅಲ್ಲಿಯೂ ವೈರು ಉಳಿಸುವ ಒಂದು ಪದ್ಧತಿ ಬಳಕೆಗೆ ಬಂತು. ಒಂದೊಂದು ಸ್ವಿಚ್ಚಿಗೂ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕೊಡೋದು, ಎರಡು ಕಾಮನ್ನುಗಳ ನಡುವೆ ಬಲ್ಬು ಕಟ್ಟೋದು. ಓದುತ್ತಿದ್ದವನು ಅಲ್ಲಿಯೇ ನಿಂತುಬಿಟ್ಟೆ. ಇದು ನಮ್ಮ ಪಾವಟಿಗೆಯ ವೈರಿಂಗ್! ಇದಕ್ಕೆ "ಕಾರ್ಟರ್ ಪದ್ಧತಿ" ಅಂತ ಹೆಸರು. ಅಲ್ಲಿಯ ಬಲ್ಬುಗಳು ತಿರುಪಿನವು, ಹೋಲ್ಡರಿನ ಹೊರಗಿನ ಚಿಪ್ಪೇ ಕೈಗೆ ಸಿಗುವಂಥದ್ದು. ಈ ಪದ್ಧತಿಯಲ್ಲಿ ಆ ಚಿಪ್ಪಿಗೇ ಫೇಸ್ ಬಂದು ಕೂರುತ್ತಿತ್ತು, ದೀಪ ಆರಿದಾಗಲೂ. 1923ರಲ್ಲಿ ಅಮೆರಿಕದ ವಿದ್ಯುತ್ ಸಂಹಿತೆ ಈ ಪದ್ಧತಿಯನ್ನು ನಿಷೇಧಿಸಿತು. ಅದೂ ಅವರ ಮನೆಗಳ ವೋಲ್ಟೇಜು ನಮ್ಮದರ ಅರ್ಧದಷ್ಟು ಮಾತ್ರ!

1923! ಅಂದರೆ ನೂರು ವರ್ಷಕ್ಕಿಂತ ಹಿಂದೆಯೇ ಇದು ಜೀವಕ್ಕೆ ಅಪಾಯ ಅಂತ ಬರೆದಿಟ್ಟಾಗಿತ್ತು. ಆ ಹೊತ್ತಿಗೆ ನಮ್ಮೂರ ಪರಿಸ್ಥಿತಿ ಏನಿತ್ತು?

ಕರ್ನಾಟಕದ ವಿದ್ಯುತ್ ಅಂದ ಕೂಡಲೇ ಎಲ್ಲರೂ ಶಿವನಸಮುದ್ರದಿಂದ ಶುರು ಮಾಡುತ್ತಾರೆ. 1902ರ ಜೂನ್ 30ರಂದು ಶಿವನಸಮುದ್ರದ ಕರೆಂಟ್ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ವಿದ್ಯುತ್ ದೀಪ ಬೆಳಗಿತು. ಓದೋಕೆ ಹೆಮ್ಮೆ ಆಗುತ್ತದೆ. ಆದರೆ ಅದು ಮೈಸೂರು ಸಂಸ್ಥಾನದ ಕಥೆ, ನಮ್ಮದಲ್ಲ. ಗುಲ್ಬರ್ಗಾ ಜಿಲ್ಲೆ ಆಗ ಹೈದರಾಬಾದ್ ನಿಜಾಮನ ಕೈಯಲ್ಲಿತ್ತು. ನಮ್ಮೂರಿನ ಆಚೆಗೆ ಅಕ್ಕಲಕೋಟದ ಭೋಸಲೆ ರಾಜರ ಸಂಸ್ಥಾನ. ನಿಜಾಮ ಸರ್ಕಾರದ ವಿದ್ಯುತ್ ಇಲಾಖೆ 1910ರಲ್ಲಿ ಶುರುವಾದರೂ ಅದು ಬೆಳಗಿದ್ದು ಮೊದಲು ಹೈದರಾಬಾದ್ ನಗರವನ್ನು. ಗಡಿಯ ಹಳ್ಳಿಗಳಿಗೆ ಕಂದೀಲೇ ಗತಿ. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1957ರ ಅಕ್ಟೋಬರಿನಲ್ಲಿ ಮೈಸೂರು ರಾಜ್ಯ ವಿದ್ಯುತ್ ಮಂಡಳಿ ಹುಟ್ಟಿತು. ಮುಂದೆ ಅದೇ ಕೆ.ಇ.ಬಿ., 1999ರಲ್ಲಿ ಕೆ.ಪಿ.ಟಿ.ಸಿ.ಎಲ್., 2002ರಿಂದ ನಮ್ಮ ಭಾಗಕ್ಕೆ ಜೆಸ್ಕಾಂ. ಹೆಸರು ಎಷ್ಟು ಬದಲಾದರೂ ನಮ್ಮೂರ ಹಿರಿಯರ ಬಾಯಲ್ಲಿ ಇವತ್ತಿಗೂ ಅದು ಕೆ.ಇ.ಬಿ.ಯೇ.

ಒಂದು ಯೋಗಾಯೋಗ ನೋಡಿ. ನಾವು ಕನ್ನಡ ನಾಡಿಗೆ ಸೇರಿದ ಅದೇ 1956ರಲ್ಲಿ ದೇಶಕ್ಕೆಲ್ಲ ಭಾರತೀಯ ವಿದ್ಯುತ್ ನಿಯಮಗಳು ಬಂದವು. ಅದರ 32ನೇ ನಿಯಮದ ಸಾರ ಇಷ್ಟು: ನ್ಯೂಟ್ರಲ್ ವೈರಿನಲ್ಲಿ ಒಂಟಿ ಸ್ವಿಚ್ಚಾಗಲಿ ಫ್ಯೂಸಾಗಲಿ ಇರಕೂಡದು. ಇರಲೇಬೇಕೆಂದರೆ ಫೇಸನ್ನೂ ಜೊತೆಗೇ ಕಡಿಯುವ ಜೋಡಿ ಸ್ವಿಚ್ ಇರಬೇಕು. ನಮ್ಮ ಪಾವಟಿಗೆಯ ವೈರಿಂಗಿನಲ್ಲಿ ಎರಡು ಕಡೆಯೂ ನ್ಯೂಟ್ರಲ್ ಒಂಟಿ ಸ್ವಿಚ್ಚಿನಿಂದ ಹೋಗುತ್ತಿತ್ತು. ಅಂದರೆ ಹಿರೋಳ್ಳಿಯ ನಮ್ಮ ಮನೆಗೆ ಕರೆಂಟ್ ಬರುವ ಎಷ್ಟೋ ಮೊದಲೇ ಅದಕ್ಕೆ ವಿರುದ್ಧವಾದ ಕಾನೂನು ಬಂದಿತ್ತು. ಪರವಾನಗಿ ಇದ್ದವರೇ ವೈರಿಂಗ್ ಮಾಡಿಸಬೇಕು ಅಂತಲೂ ಅದೇ ನಿಯಮಗಳಲ್ಲಿತ್ತು. 2010ರಲ್ಲಿ, ಆಮೇಲೆ 2023ರಲ್ಲಿ ಆ ನಿಯಮಗಳ ಜಾಗಕ್ಕೆ ಹೊಸವು ಬಂದಿವೆ. ಕಾನೂನು ದಿಲ್ಲಿಯಲ್ಲಿ ಹೊಸದಾಗುತ್ತಲೇ ಇತ್ತು, ಯುಕ್ತಿ ಮಾತ್ರ ಉಸ್ತಾದನಿಂದ ಶಿಷ್ಯನಿಗೆ ಕೈಯಿಂದ ಕೈಗೆ ದಾಟುತ್ತಲೇ ಇತ್ತು.

ಹಳ್ಳಿಗೆ ಕರೆಂಟ್ ಬಂದ ಬಗೆಯಲ್ಲೂ ಒಂದು ತಮಾಷೆ ಇದೆ. ಹಳ್ಳಿಗಳ ವಿದ್ಯುದೀಕರಣಕ್ಕೆ ಅಂತಲೇ 1969ರಲ್ಲಿ ಕೇಂದ್ರ ಸರ್ಕಾರ ಗ್ರಾಮೀಣ ವಿದ್ಯುದೀಕರಣ ನಿಗಮ ಶುರು ಮಾಡಿತು. ಆದರೆ 1997ರ ತನಕ ಸರ್ಕಾರಿ ಲೆಕ್ಕದಲ್ಲಿ, ಊರಿನ ಸೀಮೆಯೊಳಗೆ ಯಾವ ಕೆಲಸಕ್ಕಾದರೂ ಕರೆಂಟ್ ಬಳಸಿದರೆ ಸಾಕು, ಆ ಊರು "ವಿದ್ಯುದೀಕರಣ" ಆದ ಹಾಗೆ! ಹೊಲದ ಬಾವಿಗೆ ಒಂದು ಪಂಪ್‌ಸೆಟ್ ಕೂತರೂ ಊರಿಗೆ ಬೆಳಕು ಬಂತು ಅಂತ ಬರೆದುಕೊಳ್ಳಬಹುದಿತ್ತು. 1997ರಲ್ಲಿ, ಜನ ವಾಸ ಮಾಡುವ ಜಾಗದಲ್ಲಿ ಬಳಸಿರಬೇಕು ಅಂತ ತಿದ್ದಿದರು. 2004ರಲ್ಲಿ, ಕನಿಷ್ಠ ನೂರಕ್ಕೆ ಹತ್ತು ಮನೆಗಳಿಗಾದರೂ ಕರೆಂಟ್ ಇರಬೇಕು ಅಂತ ಇನ್ನಷ್ಟು ಬಿಗಿ ಮಾಡಿದರು. ಉಳಿದ ತೊಂಬತ್ತು ಮನೆ ಕತ್ತಲಲ್ಲಿದ್ದರೂ ಊರು ಬೆಳಗಿದ ಹಾಗೇ! ಲೈಟು ಆರಿದರೂ ಕರೆಂಟ್ ಇರಬಹುದು ಅನ್ನೋದು ನಮ್ಮ ಪಾವಟಿಗೆಯ ಪಾಠ. ಊರು ಬೆಳಗಿತು ಅಂತ ಕಾಗದದಲ್ಲಿದ್ದರೂ ಮನೆ ಕತ್ತಲಿರಬಹುದು ಅನ್ನೋದು ಈ ಲೆಕ್ಕದ ಪಾಠ.

ಎಪ್ಪತ್ತರ ದಶಕದ ಕೊನೆಗೆ ಕರ್ನಾಟಕದಲ್ಲಿ ಭಾಗ್ಯಜ್ಯೋತಿ ಬಂತು. ಬಡವರ ಮನೆಗೆ ಒಂದು ಬಲ್ಬು, 40 ವ್ಯಾಟಿನದು. ಆ ಒಂದು ಬಲ್ಬನ್ನು ನಾವು ಈಗ ಹಗುರವಾಗಿ ನೋಡಬಾರದು. ಚಿಮಣಿಯ ಹೊಗೆಯಲ್ಲಿ ಓದುತ್ತಿದ್ದ ಮಕ್ಕಳಿಗೆ ಅದು ಸೂರ್ಯನೇ. ಆದರೆ ಒಂದು ಬಲ್ಬು, ಒಂದು ಬಟನ್ ಇದ್ದ ಮನೆಗೆ ಎರಡು ಕಡೆಯಿಂದ ಹಚ್ಚುವ ಪ್ರಶ್ನೆಯೇ ಬರುವುದಿಲ್ಲ. ಸಾಗವಾನಿ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ವೈರು ಎಳೆದು, ಮರದ ಗುಂಡಿನ ಮೇಲೆ ಕರೀ ಬೇಕಲೈಟ್ ಬಟನ್ ಕೂರಿಸಿದರೆ ಮುಗಿಯಿತು. ಆಮೇಲೆ ಮನೆಯಲ್ಲಿ ಒಂದೊಂದೇ ಖೋಲಿ ಹೆಚ್ಚಾಯಿತು. ಮಾಳಿಗೆ ಮೇಲೆ ಆರ್.ಸಿ.ಸಿ. ಬಂತು. ಪಿಯಾನೋ ಸ್ವಿಚ್ಚುಗಳು ಬಂದವು. ಒಂದು ಬಲ್ಬಿನ ಕಾಲದಲ್ಲಿ ಕೆಲಸ ಕಲಿತ ಕೈಗಳೇ ಈ ಹೊಸ ಮನೆಗಳಿಗೂ ವೈರು ಎಳೆದವು. ಐ.ಟಿ.ಐ.ಯ ಎಲೆಕ್ಟ್ರಿಷಿಯನ್ ಪಾಠದಲ್ಲಿ ಸ್ಟೇರ್‌ಕೇಸ್ ವೈರಿಂಗ್, ಗೋಡೌನ್ ವೈರಿಂಗ್ ಎಲ್ಲಾ ಇದೆ. ನಮ್ಮ ಕಡೆ ತೊಗರಿ ಗೋದಾಮುಗಳಿಗೆ ಹೇಳಿ ಮಾಡಿಸಿದ್ದು ಈ ಗೋಡೌನ್ ವೈರಿಂಗ್. ಒಳಗೆ ಹೋಗುತ್ತಾ ಹೋದಂತೆ ಮುಂದಿನ ಲೈಟು ಹಚ್ಚಿದರೆ ಹಿಂದಿನದು ತಾನೇ ಆರುತ್ತದೆ. ಆದರೆ ಐ.ಟಿ.ಐ. ಮೆಟ್ಟಿಲು ಹತ್ತದೆ ಕೆಲಸ ಕಲಿತವರು ಎಷ್ಟು ಜನ!

ಇಲ್ಲಿ ಒಂದು ಚಿಕ್ಕ ಅಡ್ಡದಾರಿ ಹಿಡಿಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅವ್ವನ ಪ್ರಶ್ನೆ ಬರೀ ಹಳ್ಳಿ ಹೆಂಗಸಿನ ಪ್ರಶ್ನೆ ಅಲ್ಲ. 1937ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಕ್ಲಾಡ್ ಶಾನನ್ ಎಂಬ 21 ವರ್ಷದ ಹುಡುಗ ಒಂದು ಪ್ರಬಂಧ ಬರೆದ. ಜಾರ್ಜ್ ಬೂಲ್ 1854ರಲ್ಲಿ ಬರೆದಿಟ್ಟಿದ್ದ ತರ್ಕದ ಗಣಿತವನ್ನು ಸ್ವಿಚ್ಚುಗಳಿಗೆ ಹಚ್ಚಬಹುದು ಅಂತ ತೋರಿಸಿದ. ಆ ಗಣಿತದಲ್ಲಿ ನಮ್ಮ ಪಾವಟಿಗೆಯ ಎರಡು ಬಟನ್ನಿಗೂ ಒಂದು ಜಾಗ ಇದೆ: "ಇಬ್ಬರಲ್ಲಿ ಒಬ್ಬ ಮಾತ್ರ ಬದಲಾದರೆ ಫಲ ಬದಲು, ಇಬ್ಬರೂ ಬದಲಾದರೆ ಮೊದಲಿನ ಹಾಗೆ." ಕಂಪ್ಯೂಟರಿನಲ್ಲಿ ಎರಡು ಅಂಕಿ ಕೂಡಿಸುವ ಕೆಲಸ ನಿಂತಿರುವುದೂ ಇದೇ ತರ್ಕದ ಮೇಲೆ. ನಿಮ್ಮ ಕೈಯಲ್ಲಿರುವ ಮೊಬೈಲಿನ ಒಳಗೆ ಇಂಥ ಪಾವಟಿಗೆ ಬಟನ್ನುಗಳು ಲೆಕ್ಕವಿಲ್ಲದಷ್ಟಿವೆ. ಮೂರು, ನಾಲ್ಕು ಕಡೆಯಿಂದ ಹಚ್ಚಬೇಕೆಂದರೂ ಆಗುತ್ತದೆ. ಎರಡು ಟೂ ವೇ ಸ್ವಿಚ್ಚಿನ ನಡುವೆ, ಎರಡು ಕಾಲುವೆಯನ್ನು ಅದಲುಬದಲು ಮಾಡುವ ಇಂಟರ್‌ಮೀಡಿಯಟ್ ಸ್ವಿಚ್ ಬೇಕಾದಷ್ಟು ಸೇರಿಸುತ್ತಾ ಹೋಗಬಹುದು.

ಸರಿ, ಮನೆಗೆ ಬರೋಣ. ಆಳಂದದಿಂದ ಪರವಾನಗಿ ಇದ್ದ ಒಬ್ಬರನ್ನು ಕರೆಸಿದೆವು. ಜೊತೆಗೆ ಆ ಹುಡುಗನನ್ನೂ ಕರೆಸಿದೆ, ಈ ಸಲ ಬೈಯೋಕಲ್ಲ. ಅವನು ಎರಡೂ ಬೋರ್ಡು ಬಿಚ್ಚಿ ಹಳೇ ವೈರು ಎಳೆದ, ಹಿರಿಯರು ಹೇಳುತ್ತಾ ಹೋದರು. ಎರಡು ಕಾಲುವೆಯ ಕಥೆ ಅವನಿಗೆ ಒಂದೇ ಸಲಕ್ಕೆ ಹಿಡಿಸಿತು. "ಇಷ್ಟೇನ್ರಿ? ಇದು ಯಾರೂ ಹೇಳೇ ಇಲ್ಲ ನೋಡ್ರಿ" ಅಂದ. ಅವರು ಇನ್ನೊಂದು ಮಾತು ಹೇಳಿದರು. ಮೇಲಿನ ಬೋರ್ಡು ಒಂದು ಫೇಸಿನಿಂದ, ಕೆಳಗಿನ ಬೋರ್ಡು ಇನ್ನೊಂದು ಫೇಸಿನಿಂದ ಬಂದ ಮನೆಯಾಗಿದ್ದರೆ ಇದೇ ಯುಕ್ತಿಯಲ್ಲಿ ಬಲ್ಬಿಗೆ 400 ವೋಲ್ಟ್ ಬೀಳುತ್ತಿತ್ತಂತೆ. ಕೇಳಿ ಅಣ್ಣ ತನ್ನ ಪ್ಲಾಸ್ಟರ್ ಕೈಯನ್ನೇ ನೋಡಿಕೊಂಡ.

ಆ ಹುಡುಗ ಇನ್ನೂ ನಾಲ್ಕೈದು ಮನೆಯ ಹೆಸರು ಹೇಳಿದ, ಅಲ್ಲೆಲ್ಲಾ ಹೀಗೇ ಮಾಡಿದ್ದನಂತೆ. ಹಿರಿಯರ ಜೊತೆ ಹೋಗಿ ಒಂದೊಂದಾಗಿ ಸರಿ ಮಾಡುತ್ತೇನೆ ಅಂತ ಒಪ್ಪಿಕೊಂಡ. ಮಾತು ಉಳಿಸಿಕೊಂಡಿದ್ದಾನೆ ಅಂತ ಅಣ್ಣ ಫೋನಿನಲ್ಲಿ ಹೇಳಿದ. ನನಗೆ ಎಲ್ಲಕ್ಕಿಂತ ಸಮಾಧಾನ ತಂದದ್ದು ಇದು. ಉಳಿತಾಯದ ಯುಕ್ತಿ ಯಾರೂ ಹೇಳಿಕೊಡದಿದ್ದರೂ ಊರು ಸೇರುತ್ತದೆ. ಎಚ್ಚರಿಕೆಯನ್ನು ಮಾತ್ರ ಯಾರಾದರೂ ಹೊತ್ತುಕೊಂಡು ಹೋಗಬೇಕು. 1923ರಲ್ಲಿ ಗೊತ್ತಿದ್ದದ್ದು, 1956ರಲ್ಲಿ ನಮ್ಮ ಕಾನೂನಿಗೂ ಬಂದದ್ದು, ನಮ್ಮ ಪಾವಟಿಗೆಗೆ ಬರೋಕೆ ಒಂದು ಕೈ ಮುರಿಯಬೇಕಾಯಿತು.

ನಿಮ್ಮ ಮನೆಯಲ್ಲೂ ಪಾವಟಿಗೆ ಲೈಟಿಗೆ ಎರಡು ಬಟನ್ ಇದ್ದರೆ ದಯವಿಟ್ಟು ಒಮ್ಮೆ ತಿಳಿದವರನ್ನು ಕರೆದು ನೋಡಿಸಿ. ನೀವೇ ಬಿಚ್ಚೋಕೆ ಹೋಗಬೇಡಿ. ಬಂದ್ ಮಾಡಿದ ಮೇಲೂ ಎಲ್‌ಇಡಿ ಮಿಣಮಿಣ ಅನ್ನುತ್ತಿದ್ದರೆ ನ್ಯೂಟ್ರಲ್ಲಿಗೆ ಸ್ವಿಚ್ ಹಾಕಿರಬಹುದು. ಆದರೆ ಸರಿಯಾದ ಟೂ ವೇ ವೈರಿಂಗಿನಲ್ಲೂ ಪಕ್ಕಪಕ್ಕದ ಉದ್ದ ವೈರುಗಳಿಂದ ಒಮ್ಮೊಮ್ಮೆ ಹೀಗಾಗುತ್ತದೆ. ಇನ್ನು ನಮ್ಮ ಮನೆಯ ತಪ್ಪಿನಲ್ಲಿ ಮಿಣಮಿಣ ಸಹ ಇರಲಿಲ್ಲ, ಬಲ್ಬು ಪೂರ್ತಿ ಕತ್ತಲು. ಆದ್ದರಿಂದ ಕಣ್ಣನ್ನು ನಂಬಬೇಡಿ. ಟೂ ವೇ ಬಟನ್ನು ಮೇಲಿದೆಯೋ ಕೆಳಗಿದೆಯೋ ನೋಡಿ ಏನೂ ಹೇಳೋಕೆ ಬರುವುದಿಲ್ಲ, ವೈರಿಂಗ್ ಸರಿಯಿದ್ದರೂ ಸಹ. ಬಲ್ಬು ಬದಲಿಸುವಾಗ ಬಟನ್ ಅಲ್ಲ, ಮೇನ್ ಸ್ವಿಚ್ ತೆಗೆಯಿರಿ. ಕೈಗೆ ಟೆಸ್ಟರ್ ತಗೊಳ್ಳಿ, ಎರಡೂ ಪಿನ್ ನೋಡಿ. ಸಾಧ್ಯವಿದ್ದರೆ ಮನೆಗೆ 30 ಮಿಲಿ ಆಂಪಿಯರಿನ ಒಂದು ಆರ್.ಸಿ.ಸಿ.ಬಿ. ಹಾಕಿಸಿ. ವೈರು ಉಳಿಸಿದ ದುಡ್ಡಿಗಿಂತ ಅದರ ಬೆಲೆ ಹೆಚ್ಚಿರಬಹುದು, ಜೀವಕ್ಕಿಂತ ಅಲ್ಲ.

2023ರ ಆಗಸ್ಟ್ 5ರಂದು ಗೃಹಜ್ಯೋತಿ ಯೋಜನೆಗೆ ಚಾಲನೆ ಕೊಟ್ಟದ್ದು ನಮ್ಮ ಕಲಬುರಗಿಯಲ್ಲೇ. ಬೆಂಗಳೂರಿನಲ್ಲಿ ಮೊದಲ ದೀಪ ಹತ್ತಿದ್ದೂ ಆಗಸ್ಟ್ 5ರಂದೇ, 118 ವರ್ಷ ಹಿಂದೆ. ಬೇಕಂತಲೇ ಆ ದಿನ ಇಟ್ಟರೋ ಏನೋ, ನನಗಂತೂ ಆ ಎರಡು ತಾರೀಖು ಒಂದೇ ಪಾವಟಿಗೆಯ ಕೆಳಗಿನ ಮತ್ತು ಮೇಲಿನ ಬಟನ್ನಿನ ಹಾಗೆ ಕಾಣುತ್ತವೆ. ನಡುವಿನ ಮೆಟ್ಟಿಲು ಹತ್ತೋಕೆ ನಮಗೆ ಇಷ್ಟು ಕಾಲ ಹಿಡಿಯಿತು.

ಕೆಲಸ ಮುಗಿದ ರಾತ್ರಿ ಹೊಸ ಬಟನ್ ಮೊದಲು ಯಾರು ಒತ್ತಬೇಕು ಅನ್ನೋ ಮಾತು ಬಂತು. ಅಣ್ಣ ಮಗಳ ಕಡೆ ನೋಡಿದ. ಅವಳು ಹಿಂದೆ ಸರಿದಳು. "ನಾ ಒಲ್ಲೆ, ಮತ್ತ ಬೈತೀರಿ" ಅಂದಳು. ಅವ್ವ ಎದ್ದು ಬಂದು ಅವಳ ಕೈ ಹಿಡಿದು ಕೆಳಗಿನ ಬಟನ್ನಿನ ಮೇಲೆ ಇಟ್ಟಳು. ಲೈಟು ಹತ್ತಿತು. ಹುಡುಗಿ ಪಾವಟಿಗೆ ಹತ್ತಿ ಮೇಲೆ ಓಡಿದಳು. ಆರಿತು. "ಅಮ್ಮಾ, ಈಗ ನೀ ಹಚ್ಚು!" ಅಂತ ಕತ್ತಲಿನಿಂದ ಅಜ್ಜಿಯನ್ನು ಕೂಗಿದಳು. ಅವ್ವ ಹಚ್ಚಿದಳು. ಅವಳು ಆರಿಸಿದಳು. ಅರ್ಧ ತಾಸು ಇದೇ ಆಟ ನಡೆಯಿತು. ಈ ಸಲ ಯಾರೂ ಬೈಯಲಿಲ್ಲ.

ನಿಮ್ಮೂರಿಗೆ, ನಿಮ್ಮ ಮನೆಗೆ ಮೊದಲ ಬಲ್ಬು ಬಂದ ನೆನಪು ಇದ್ದರೆ ಹೇಳಿ. ಮನೆಯ ಹಿರಿಯರನ್ನು ಕೇಳಿ ನೋಡಿ. ಕೇಳದಿದ್ದರೆ ಆ ನೆನಪು ಅವರೊಂದಿಗೇ ಹೋಗುತ್ತದೆ.